ಗೇನ್ ನಾಬ್ ಇಲ್ಲದ ರೆಕಾರ್ಡರ್: ಜೂಮ್ ಎಫ್3 ಬಳಸಿ ಎಂಟು ತಿಂಗಳು

ಬೆಂಗಳೂರಿನ ಧಾರಾವಾಹಿ ಸೆಟ್‌ಗಳಲ್ಲಿ ಬೂಮ್ (ಉದ್ದ ಕೋಲಿನ ತುದಿಯ ಮೈಕ್) ಹಿಡಿಯುತ್ತಾ ಈ ಕೆಲಸಕ್ಕೆ ಬಂದವನು ನಾನು. ಹನ್ನೊಂದು ವರ್ಷ ಆಯಿತು. ಈಗ ಲೊಕೇಶನ್ ಸೌಂಡ್ ನಾನೇ ನೋಡಿಕೊಳ್ಳುತ್ತೇನೆ. ಶೂಟಿಂಗ್ ಇಲ್ಲದಾಗ ವಿಜಯಪುರದ ಮನೆಯಲ್ಲಿರುತ್ತೇನೆ. ಊರಿನ ಸದ್ದುಗಳನ್ನು ಕೂಡಿಡಬೇಕು ಅಂತಲೇ ಈ ಪುಟ್ಟ ರೆಕಾರ್ಡರ್ ಕೊಂಡೆ.

ಇದರಲ್ಲಿ ಗೇನ್ ನಾಬ್, ಅಂದರೆ ಮೈಕ್‌ನಿಂದ ಬರುವ ಸದ್ದಿನ ಮಟ್ಟ ಏರಿಸಿ ಇಳಿಸುವ ತಿರುಗುಗುಂಡಿ, ಇಲ್ಲ. ಮೊದಮೊದಲು ಕೈ ಅದನ್ನೇ ಹುಡುಕುತ್ತಿತ್ತು. ಮಾಮೂಲಿ 24 ಬಿಟ್ ರೆಕಾರ್ಡರ್‌ನಲ್ಲಿ ಸದ್ದು ಸೊನ್ನೆ ಡೆಸಿಬಲ್ (ಅದು ಹಿಡಿಯಬಲ್ಲ ಗರಿಷ್ಠ ಮಟ್ಟ) ದಾಟಿದರೆ ಮುಗಿಯಿತು, ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಮಿಕ್ಸರ್ ನನ್ನ ಕೈಗೆ ಬಂದ ಮೊದಲ ವರ್ಷ ಒಬ್ಬ ನಟಿ ಪಿಸುಮಾತಿನಿಂದ ಒಮ್ಮೆಲೇ ಚೀರಿ ಅತ್ತರು. ಗೇನ್ ಇಳಿಸುವುದರೊಳಗೆ ಟೇಕ್ ಹಾಳಾಗಿತ್ತು. ಮತ್ತೆ ಅಂಥ ಅಳು ಬರಲಿಲ್ಲ. ಅದು ಇನ್ನೂ ನೆನಪಿದೆ. ಎಫ್3 ಆದರೋ 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಆ ಗರಿಷ್ಠ ಮಟ್ಟ ದಾಟಿದ ಸದ್ದನ್ನೂ ಬರೆದಿಡುವ ರೀತಿಯಲ್ಲಿ, ಹಿಡಿಯುತ್ತದೆ. ಜೋರಾದದ್ದನ್ನು ಆಮೇಲೆ ಎಡಿಟ್‌ನಲ್ಲಿ ಇಳಿಸಿದರೆ ಅಲೆ ಪೂರ್ತಿ ಸಿಗುತ್ತದೆ.

ಮೊದಲು ರೆಕಾರ್ಡ್ ಮಾಡಿದ್ದು ಅವ್ವ ಜೋಳದ ರೊಟ್ಟಿ ಬಡಿಯುವುದನ್ನು. "ಇದನ್ಯಾಕ ಇಲ್ಲಿ ಇಟ್ಟೀ? ಹಿಟ್ಟು ಬೀಳ್ತೈತಿ ನೋಡು" ಅಂದಳು. ಅಂಗೈಯ ತಟತಟ, ನಡುವೆ ಬಳೆ, ಹಂಚಿನ ಮೇಲೆ ಒದ್ದೆ ಬಟ್ಟೆ ಸವರಿದಾಗ ಚುಂಯ್. ನಮ್ಮ ಕಡೆ ಕಥೆಯ ಧಾರಾವಾಹಿಗಳಲ್ಲೂ ಈ ಸದ್ದು ಸರಿಯಾಗಿ ಕೇಳುವುದೇ ಇಲ್ಲ, ಚಪಾತಿ ಲಟ್ಟಿಸಿದ ಸದ್ದು ಹಾಕಿರುತ್ತಾರೆ. ಕಳೆದ ತಿಂಗಳು ಒಂದು ಅಡುಗೆಮನೆ ಸೀನ್‌ಗೆ ಅವ್ವನ ರೊಟ್ಟಿಯೇ ಹೋಯಿತು. ಟಿವಿ ನೋಡುತ್ತಾ ಬಳೆ ತನ್ನದೇ ಎಂದು ಗುರುತಿಸಿದಳು.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೂ ಒಯ್ದೆ. ಜನರ ಗುಜುಗುಜು, ಆಮೇಲೆ ಮದ್ದು ಸುಡುವ ಸಿಡಿತ, ಎರಡೂ ಒಂದೇ ಫೈಲ್‌ನಲ್ಲಿ. ಸಿಡಿತವನ್ನು 18 ಡೆಸಿಬಲ್ ಇಳಿಸಿದೆ, ಅಚ್ಚುಕಟ್ಟಾಗಿ ಬಂತು. ಒಂದು ಮಾತ್ರ ಒಡೆದಿತ್ತು. ಅಲ್ಲಿ ಮೈಕ್ ತಾನೇ ತಡೆಯಲಾರದೆ ಹೋಗಿತ್ತು. ಅದನ್ನು ಯಾವ ರೆಕಾರ್ಡರೂ ಉಳಿಸಲಾರದು. ಇದನ್ನು ತಿಳಿದುಕೊಂಡೇ ಕೊಳ್ಳಿ.

ಗೋಳಗುಮ್ಮಟದಲ್ಲಿ ರೆಕಾರ್ಡ್ ಮಾಡಿದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಅಲ್ಲಿ ಒಂದು ಚಪ್ಪಾಳೆ ಏಳೆಂಟು ಸಲ ಮರಳಿ ಕೇಳುತ್ತದೆ, ನಿಂತು ಕೇಳಲು ತುಂಬಾ ಚಂದ. ಆದರೆ ಸಿನಿಮಾ ಕೆಲಸಕ್ಕೆ ಬೇಕಾದದ್ದು ಒಣ ಸದ್ದು. ಪ್ರತಿಧ್ವನಿಯನ್ನು ಆಮೇಲೆ ಸೇರಿಸಬಹುದು, ತೆಗೆಯುವುದು ಕಷ್ಟ.

ಇನ್ನು ತೊಂದರೆಗಳು. ಒಳಗೆ ಮೈಕ್ ಇಲ್ಲ, ಬೇರೆ ಎಕ್ಸ್‌ಎಲ್‌ಆರ್ (ಮೂರು ಪಿನ್ ಕೇಬಲ್‌ನ) ಮೈಕ್ ಬೇಕೇ ಬೇಕು. ಮೈಕ್‌ಗೆ ಕೇಬಲ್ ಮೂಲಕವೇ 48 ವೋಲ್ಟ್ ವಿದ್ಯುತ್ (ಫ್ಯಾಂಟಮ್) ಕೊಟ್ಟರೆ ಎರಡು ಎಎ ಸೆಲ್ ಬೇಗ ಖಾಲಿಯಾಗುತ್ತವೆ. ನಾನು ಯುಎಸ್‌ಬಿ-ಸಿ ಪವರ್‌ಬ್ಯಾಂಕ್ ಕಟ್ಟಿಕೊಂಡೇ ಹೋಗುತ್ತೇನೆ. 48 ಕಿಲೋಹರ್ಟ್ಸ್‌ನಲ್ಲಿ ಸ್ಟೀರಿಯೋ ಒಂದು ಗಂಟೆಗೆ ಸುಮಾರು 1.4 ಜಿಬಿ ಆಗುತ್ತದೆ, ದೊಡ್ಡ ಕಾರ್ಡ್ ಇಟ್ಟುಕೊಳ್ಳಿ. ಇನ್‌ಪುಟ್ ಎರಡೇ. ಸೀನ್‌ನಲ್ಲಿ ನಾಲ್ವರಿಗೆ ಲೇಪಲ್ (ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್) ಹಾಕಬೇಕೆಂದರೆ ಇದು ಸಾಲದು, ಬೇರೆ ರೆಕಾರ್ಡರ್ ನೋಡಿ. ಒಬ್ಬರೇ ಅಲೆದಾಡಿ ಸದ್ದು ಹಿಡಿಯುವವರಾದರೆ ಧೈರ್ಯವಾಗಿ ತಗೊಳ್ಳಿ. ಜೊತೆಗೆ ತುಪ್ಪಳದ ವಿಂಡ್ ಕವರ್ ಕೂಡ. ನಮ್ಮೂರ ಬಯಲಿನ ಗಾಳಿಗೆ ಅದಿಲ್ಲದೆ ಆಗುವುದಿಲ್ಲ.