ವ್ಯಾಗ್‌ಟೇಲ್: ಎಂಟು ಸೈಟಿನ ಬೀಗದ ಕೈ ಯಾರ ಹತ್ತಿರ?

ನಮ್ಮ ಸಂಸ್ಥೆಗೆ 8 ವೆಬ್‌ಸೈಟ್‌ಗಳಿವೆ. ಶಾಲೆಗೊಂದು, ಗ್ರಂಥಾಲಯಕ್ಕೊಂದು, ಪ್ರಕಾಶನಕ್ಕೊಂದು, ಹೀಗೆ. ಎಲ್ಲವೂ ಒಂದೇ ವ್ಯಾಗ್‌ಟೇಲ್ ಮೇಲೆ ಓಡುತ್ತವೆ. ವೆಬ್‌ಸೈಟಿನ ಪುಟಗಳನ್ನು ಬರೆದು, ತಿದ್ದಿ, ಪ್ರಕಟಿಸುವ ಸಾಫ್ಟ್‌ವೇರ್ ಅದು. ಎಂಟರಲ್ಲೂ ‘ಸಂಪರ್ಕ’ ಅನ್ನುವ ಪುಟ ಇದೆ.

ಒಂದು ಬೆಳಿಗ್ಗೆ ಪ್ರಕಾಶನದವರು ಫೋನ್ ಮಾಡಿದರು. ‘ಪುಸ್ತಕ ಬೇಕು ಅನ್ನೋರೆಲ್ಲ ಗ್ರಂಥಾಲಯಕ್ಕೆ ಕರೆ ಮಾಡ್ತಿದ್ದಾರಂತೆ, ಏನಾಗಿದೆ ನೋಡಿ’ ಅಂದರು. ನೋಡಿದರೆ ಪ್ರಕಾಶನದ ಸಂಪರ್ಕ ಪುಟದಲ್ಲಿ ಗ್ರಂಥಾಲಯದ ನಂಬರ್ ಕೂತಿದೆ. ಪುಟದ ಹಿಸ್ಟರಿ ತೆಗೆದೆ. ಯಾರು, ಎಷ್ಟು ಗಂಟೆಗೆ, ಯಾವ ಸಾಲು ಬದಲಿಸಿದರು ಅನ್ನುವುದೆಲ್ಲ ಅಲ್ಲೇ ಇತ್ತು. ಗ್ರಂಥಾಲಯಕ್ಕೆ ಸೇರಿ ಮೂರು ದಿನವಾಗಿದ್ದ ಹುಡುಗ. ಪಾಪ, ಅವನ ತಪ್ಪೇನೂ ಇಲ್ಲ. ಎಡಗಡೆ ಮೆನು ತೆರೆದರೆ ಅವನಿಗೆ ‘ಹೋಮ್’, ‘ಹೋಮ್’, ‘ಹೋಮ್’ ಅಂತ ಎಂಟು ಸಲ ಕಂಡಿತ್ತು. ಒಂದರೊಳಗೆ ಹೊಕ್ಕ, ನಂಬರ್ ಬದಲಿಸಿದ, ಪಬ್ಲಿಶ್ ಒತ್ತಿದ. ಅವನಿಗೆ ಆ ಮನೆಯ ಬಾಗಿಲು ತೆರೆಯಲೇಬಾರದಿತ್ತು. ತೆರೆದಿಟ್ಟವಳು ನಾನು.

ಹಿಂದಿನ ವರ್ಶನ್ ವಾಪಸ್ ಹಾಕುವುದಕ್ಕೆ ಒಂದು ನಿಮಿಷ ಹಿಡಿಯಿತು. ಹೀಗೆ ಯಾಕಾಯಿತು ಅಂತ ಅರ್ಥ ಮಾಡಿಕೊಳ್ಳುವುದಕ್ಕೆ ಅರ್ಧ ದಿನ.

ವ್ಯಾಗ್‌ಟೇಲ್ ಇನ್‌ಸ್ಟಾಲ್ ಮಾಡಿದ ಕೂಡಲೇ ಎರಡು ಗ್ರೂಪ್, ಅಂದರೆ ಒಂದೇ ಥರದ ಅನುಮತಿ ಇರುವ ಯೂಸರ್‌ಗಳ ಗುಂಪು, ರೆಡಿಯಾಗಿ ಸಿಗುತ್ತವೆ: ‘ಎಡಿಟರ್ಸ್’ ಮತ್ತು ‘ಮಾಡರೇಟರ್ಸ್’. ಹೆಸರು ನೋಡಿದರೆ ನಿರುಪದ್ರವಿ. ನಾನೂ ಹುಡುಗನನ್ನು ಸುಮ್ನೆ ಮಾಡರೇಟರ್ಸ್‌ಗೆ ಸೇರಿಸಿಬಿಟ್ಟಿದ್ದೆ. ಆದರೆ ಈ ಎರಡೂ ಗ್ರೂಪಿನ ಅನುಮತಿ ಇರುವುದು ಪೇಜ್ ಟ್ರೀಯ ಬುಡದಲ್ಲಿ, ಅಂದರೆ ‘ರೂಟ್’ ಮೇಲೆ. ವ್ಯಾಗ್‌ಟೇಲ್‌ನಲ್ಲಿ ಸೈಟ್‌ಗಳೆಲ್ಲ ಒಂದೇ ಮರದ ಕೊಂಬೆಗಳು. ಒಂದು ಕಡೆ ಕೊಟ್ಟ ಅನುಮತಿ ಅದರ ಕೆಳಗಿನ ಅಷ್ಟೂ ಪುಟಗಳಿಗೆ ಇಳಿಯುತ್ತದೆ. ಬುಡದಲ್ಲಿ ಕೊಟ್ಟರೆ ಎಂಟು ಸೈಟಿಗೂ ಇಳಿಯಿತು ಅಂತಲೇ ಲೆಕ್ಕ. ಒಂದೇ ಸೈಟ್ ಇದ್ದವರಿಗೆ ಇದು ಅನುಕೂಲ. ನನ್ನಂಥವರಿಗೆ ಇದು ಹಳ್ಳ.

ಇನ್ನೊಂದು ವಿಷಯ. ಇಲ್ಲಿ ಅನುಮತಿ ಕೂಡಿಸಬಹುದು, ಕಳೆಯುವುದಕ್ಕೆ ಬರುವುದಿಲ್ಲ. ‘ಎಲ್ಲ ಕಡೆ ಕೊಡು, ಪ್ರಕಾಶನ ಒಂದನ್ನು ಬಿಡು’ ಅಂತ ಹೇಳುವ ದಾರಿಯೇ ಇಲ್ಲ. ಮೊದಲು ನನಗೆ ಇದು ಕೊರತೆ ಅನ್ನಿಸಿತ್ತು. ಈಗ ಇದೇ ಸರಿ ಅನ್ನಿಸುತ್ತದೆ. ‘ಬೇಡ’ ಅನ್ನುವ ಟಿಕ್‌ಗಳೂ ಸೇರಿಕೊಂಡಿದ್ದರೆ, ಯಾರಿಗೆ ಏನು ಸಿಕ್ಕಿದೆ ಅಂತ ಲೆಕ್ಕ ಹಾಕುವಷ್ಟರಲ್ಲಿ ಸಂಜೆಯಾಗುತ್ತಿತ್ತು.

ಇದಕ್ಕೆ ಮುಂಚೆ ನಾಲ್ಕು ವರ್ಷ ವರ್ಡ್‌ಪ್ರೆಸ್ ಮಲ್ಟಿಸೈಟ್, ಅಂದರೆ ಒಂದೇ ವರ್ಡ್‌ಪ್ರೆಸ್‌ನಲ್ಲಿ ಹಲವು ಸೈಟ್ ಓಡಿಸುವ ವ್ಯವಸ್ಥೆ, ಇಟ್ಟುಕೊಂಡಿದ್ದೆವು. ಅದೂ ಒಳ್ಳೆಯದೇ. 2010ರಲ್ಲಿ 3.0 ವರ್ಶನ್ ಜೊತೆ ವರ್ಡ್‌ಪ್ರೆಸ್ ಒಳಗೇ ಸೇರಿಕೊಂಡ ಸೌಲಭ್ಯ ಅದು. ಆದರೆ ಅಲ್ಲಿ ಗ್ರೂಪ್ ಅನ್ನುವುದಿಲ್ಲ, ರೋಲ್ ಇರುತ್ತದೆ: ಒಬ್ಬರು ಏನೇನು ಮಾಡಬಹುದು ಅಂತ ಹೇಳುವ ಪಾತ್ರ. ಯೂಸರ್ ಪಟ್ಟಿ ಇಡೀ ನೆಟ್‌ವರ್ಕಿಗೆ ಒಂದೇ. ರೋಲ್ ಮಾತ್ರ ಸೈಟಿಗೊಂದು. ಒಬ್ಬರು ನಾಲ್ಕು ಸೈಟಿಗೆ ಬೇಕೆಂದರೆ ನಾಲ್ಕು ಕಡೆ ಸೇರಿಸಬೇಕು. ನಾನು ಒಂದು ಪ್ಲಗಿನ್ ಹಾಕಿ ‘ವರದಿಗಾರ’ ಅಂತ ಹೊಸ ರೋಲ್ ಮಾಡಿದ್ದೆ. ಅದು ಆ ಒಂದು ಸೈಟಿನಲ್ಲಿ ಮಾತ್ರ ಹುಟ್ಟಿತು. ರೋಲ್‌ಗಳ ಪಟ್ಟಿಯನ್ನು ವರ್ಡ್‌ಪ್ರೆಸ್ ಪ್ರತಿ ಸೈಟಿನ ಆಪ್ಶನ್ಸ್ ಟೇಬಲ್‌ನಲ್ಲಿ ಬೇರೆ ಬೇರೆ ಇಡುತ್ತದೆ, ಅಲ್ವಾ, ಅದಕ್ಕೆ. ಮಿಕ್ಕ ಏಳರಲ್ಲೂ ಕೈಯಾರೆ ಮಾಡಿದೆ. ಎರಡು ವರ್ಷ ಕಳೆದು ನೋಡಿದರೆ ಎಂಟು ವರದಿಗಾರರೂ ಎಂಟು ಥರ.

ಮಲ್ಟಿಸೈಟ್‌ನಲ್ಲಿ ನನಗೆ ಅತಿ ಹೆಚ್ಚು ಬಂದ ದೂರು ಮಾತ್ರ ಇದಲ್ಲ. ‘ಮ್ಯಾಪ್ ಕೋಡ್ ಅಂಟಿಸ್ತೀನಿ, ಸೇವ್ ಮಾಡಿದ ಮೇಲೆ ಮಾಯ ಆಗುತ್ತೆ’ ಅನ್ನುವುದು. ಐಫ್ರೇಮ್‌ನಂಥ, ಬೇರೆ ಸೈಟಿನದ್ದನ್ನು ಪುಟದೊಳಗೆ ತೋರಿಸುವ ಕೋಡನ್ನು ಅಲ್ಲಿ ಇಡೀ ನೆಟ್‌ವರ್ಕ್ ನೋಡಿಕೊಳ್ಳುವ ಸೂಪರ್ ಅಡ್ಮಿನ್ ಮಾತ್ರ ಉಳಿಸಬಹುದು. ಸೈಟಿನ ಅಡ್ಮಿನ್ ಹಾಕಿದರೂ ಉದುರಿಹೋಗುತ್ತದೆ. ಒಂದು ಸೈಟಿನಲ್ಲಿ ಅಂಟಿಸಿದ ಕೆಟ್ಟ ಕೋಡು ಇಡೀ ನೆಟ್‌ವರ್ಕಿಗೆ ಮುಳ್ಳಾಗಬಾರದು ಅಂತ ಹಾಗೆ ಮಾಡಿದ್ದಾರೆ. ಕಾರಣ ಸರಿಯಾಗಿದೆ. ಆದರೆ ದಿನಕ್ಕೆ ಎರಡು ಮ್ಯಾಪ್ ಅಂಟಿಸಿಕೊಡುವ ಕೆಲಸ ನನ್ನದಾಗಿತ್ತು.

ವ್ಯಾಗ್‌ಟೇಲ್‌ಗೆ ಬರುವಾಗ ನನಗೆ ಗೊತ್ತಿದ್ದದ್ದು ಇಷ್ಟೇ: ಬಾಲ ಕುಣಿಸುವ ಹಕ್ಕಿಯ ಹೆಸರು, ಪೈಥಾನ್ ಭಾಷೆ ಮತ್ತು ಅದರ ಜ್ಯಾಂಗೋ ಚೌಕಟ್ಟಿನ ಮೇಲೆ ಕಟ್ಟಿದ್ದು, 2014ರಲ್ಲಿ ಓಪನ್ ಸೋರ್ಸ್ ಆಗಿ ಹೊರಬಂದದ್ದು. ಸೈಟ್ ಕಟ್ಟುವುದಕ್ಕೆ ಡೆವಲಪರ್ ಬೇಕೇ ಬೇಕು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಫೋನ್ ನಂಬರಿನ ಪ್ರಸಂಗ ಆದ ಮೇಲೆ ಕೂತು ಎಲ್ಲ ಹೊಸದಾಗಿ ಮಾಡಿದೆ. ಮೊದಲು ಎಂಟೂ ‘ಹೋಮ್’ಗಳ ಹೆಸರು ಬದಲಿಸಿದೆ. ಆಮೇಲೆ ಎಡಿಟರ್ಸ್, ಮಾಡರೇಟರ್ಸ್ ಎರಡನ್ನೂ ಖಾಲಿ ಮಾಡಿದೆ. ಪ್ರತಿ ಸೈಟಿಗೂ ಎರಡು ಗ್ರೂಪ್: ‘ಗ್ರಂಥಾಲಯ - ಬರೆಯುವವರು’, ‘ಗ್ರಂಥಾಲಯ - ಪ್ರಕಟಿಸುವವರು’, ಈ ಥರ. ಅನುಮತಿ ಕೊಟ್ಟದ್ದು ಆಯಾ ಸೈಟಿನ ಮುಖಪುಟದ ಮೇಲೆ. ಹುಡುಗ ಮತ್ತೆ ಲಾಗಿನ್ ಆದಾಗ ಅವನ ಮೆನುವಿನಲ್ಲಿ ಗ್ರಂಥಾಲಯ ಒಂದೇ ಇತ್ತು. ಬೇರೆ ಏಳು ಸೈಟ್ ಇವೆ ಅನ್ನುವ ಸುಳಿವೂ ಇಲ್ಲ. ನನಗೆ ವ್ಯಾಗ್‌ಟೇಲ್ ಇಷ್ಟವಾದದ್ದು ಆ ಗಳಿಗೆಯಲ್ಲಿ. ‘ಈ ಕಡೆ ಬರಬೇಡ’ ಅಂತ ಬೋರ್ಡ್ ಹಾಕುವ ಬದಲು ಆ ದಾರಿಯನ್ನೇ ತೋರಿಸುವುದಿಲ್ಲ.

ಒಬ್ಬರು ಎಷ್ಟು ಗ್ರೂಪಿನಲ್ಲಿ ಬೇಕಾದರೂ ಇರಬಹುದು. ನಮ್ಮ ಫೋಟೋಗ್ರಾಫರ್ ಐದು ಗ್ರೂಪಿನಲ್ಲಿದ್ದಾರೆ. ಅವರ ಯೂಸರ್ ಪುಟ ತೆರೆದು ಐದು ಟಿಕ್ ಹಾಕಿದೆ, ಮುಗಿಯಿತು.

ಗ್ರೂಪ್ ಖಾಲಿ ಮಾಡಿದ್ದಕ್ಕೆ ಒಂದು ಪೆಟ್ಟೂ ಬಿತ್ತು. ಮುಂದಿನ ವಾರದಿಂದ ‘ಅನುಮೋದನೆಗೆ ಕಾದಿದೆ’ ಅನ್ನುವ ಮೇಲ್‌ಗಳೆಲ್ಲ ನನಗೊಬ್ಬಳಿಗೇ ಬರತೊಡಗಿದವು. ಮೊದಲಿನಿಂದ ಸಿಗುವ ವರ್ಕ್‌ಫ್ಲೋ, ಅಂದರೆ ಪುಟ ಪ್ರಕಟವಾಗುವ ಮುಂಚೆ ಯಾರು ಒಪ್ಪಬೇಕು ಅನ್ನುವ ಕ್ರಮ, ಮಾಡರೇಟರ್ಸ್ ಗ್ರೂಪನ್ನೇ ನಂಬಿಕೊಂಡಿರುತ್ತದೆ. ಆ ಗ್ರೂಪಿನಲ್ಲಿ ಯಾರೂ ಇಲ್ಲ, ಉಳಿದವಳು ಎಲ್ಲ ಅನುಮತಿಯೂ ಇರುವ ಸೂಪರ್ ಯೂಸರ್ ಆದ ನಾನು. ಸೈಟಿಗೊಂದು ವರ್ಕ್‌ಫ್ಲೋ ಮಾಡಿ, ಆಯಾ ಕೊಂಬೆಗೆ ಕಟ್ಟಿ, ಆಯಾ ‘ಪ್ರಕಟಿಸುವವರು’ ಗ್ರೂಪಿಗೆ ಒಪ್ಪಿಸಿದ ಮೇಲೆ ಉಸಿರು ಬಿಟ್ಟೆ. ನೀವು ಮಾಡುವುದಾದರೆ ಗ್ರೂಪ್ ಮತ್ತು ವರ್ಕ್‌ಫ್ಲೋ ಎರಡನ್ನೂ ಒಂದೇ ದಿನ ಮಾಡಿ.

ಅನುಮತಿಗಳಲ್ಲಿ ಎಲ್ಲರೂ ಎಡವುವುದು ‘ಆ್ಯಡ್’ ಹತ್ತಿರ. ಇದೊಂದನ್ನೇ ಕೊಟ್ಟರೆ ಹೊಸ ಪುಟ ಮಾಡಬಹುದು, ತಾನು ಮಾಡಿದ ಪುಟವನ್ನು ತಿದ್ದಬಹುದು. ಬೇರೆಯವರದ್ದನ್ನು ಮುಟ್ಟುವ ಹಾಗಿಲ್ಲ. ಪ್ರಕಟವಾದ ಪುಟವನ್ನು ಅಳಿಸಬೇಕಾದರೆ ‘ಪಬ್ಲಿಶ್’ ಅನುಮತಿಯೂ ಬೇಕು. ಸ್ವಯಂಸೇವಕರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಆದರೆ ಒಬ್ಬ ಸ್ವಯಂಸೇವಕಿಗೆ ಸಹಾಯ ಆಗಲಿ ಅಂತ ನಾನೇ ಪುಟ ತೆರೆದು, ಶೀರ್ಷಿಕೆ ಹಾಕಿ ‘ಇದರಲ್ಲಿ ಬರೆಯಿರಿ’ ಅಂದೆ. ಅವರಿಗೆ ಎಡಿಟ್ ಬಟನ್ನೇ ಇಲ್ಲ. ಪುಟ ಮಾಡಿದವಳು ನಾನು, ಅದಕ್ಕೆ ಒಡತಿಯೂ ನಾನೇ. ಕೊನೆಗೆ ಅದನ್ನು ಅಳಿಸಿ, ಅವರ ಕೈಯಿಂದಲೇ ಹೊಸದು ಮಾಡಿಸಿದೆ.

ಚಿತ್ರಗಳ ಲೆಕ್ಕ ಬೇರೆ. ಅವು ಪೇಜ್ ಟ್ರೀಯಲ್ಲಿ ಇರುವುದಿಲ್ಲ, ‘ಕಲೆಕ್ಷನ್’ ಅನ್ನುವ ಡಬ್ಬಗಳಲ್ಲಿ ಇರುತ್ತವೆ. ಪ್ರತಿ ಸೈಟಿಗೂ ಒಂದು ಕಲೆಕ್ಷನ್ ಮಾಡಿ, ಗ್ರೂಪಿಗೆ ಅಲ್ಲೂ ಅನುಮತಿ ಕೊಡಬೇಕು. ಮರೆತರೆ ಪುಟ ಎಡಿಟ್ ಮಾಡಲು ಬರುತ್ತದೆ, ಚಿತ್ರ ಹಾಕಲು ಬರುವುದಿಲ್ಲ. ಶಾಲೆಯ ಮಕ್ಕಳ ಫೋಟೋಗಳು ಶಾಲೆಯವರಿಗೆ ಮಾತ್ರ ಕಾಣುವ ಹಾಗೆ ‘ಚೂಸ್’ ಅನ್ನುವ, ಚಿತ್ರ ಆರಿಸಿಕೊಳ್ಳುವ ಅನುಮತಿಯನ್ನು ಆ ಗ್ರೂಪಿಗಷ್ಟೇ ಕೊಟ್ಟಿದ್ದೇನೆ. ಹಳೇ ವ್ಯವಸ್ಥೆಯಿಂದ ತಂದ ಚಿತ್ರಗಳನ್ನು ಡಬ್ಬಕ್ಕೆ ಹಾಕುವುದಕ್ಕೆ ಎರಡು ವಾರ ಹೋಯಿತು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬೇಜಾರು ಬರುತ್ತದೆ.

ಸ್ನಿಪೆಟ್‌ಗಳಲ್ಲಿ ಮಾತ್ರ ಈ ಗೋಡೆಗಳೆಲ್ಲ ಬಿದ್ದುಹೋಗುತ್ತವೆ. ಸ್ನಿಪೆಟ್ ಅಂದರೆ ಪುಟವಲ್ಲದ ತುಣುಕು: ಲೇಖಕರ ಪರಿಚಯ, ಮೇಲ್ಗಡೆ ಓಡುವ ಸೂಚನೆ ಇಂಥವು. ಇಲ್ಲಿ ಅನುಮತಿ ಸಿಗುವುದು ಇಡೀ ಬಗೆಗೆ. ‘ಸೂಚನೆ’ ತಿದ್ದಬಹುದು ಅಂದರೆ ಎಂಟು ಸೈಟಿನ ಸೂಚನೆಗಳನ್ನೂ ತಿದ್ದಬಹುದು. ಡೆವಲಪರ್ ಹತ್ತಿರ ಹೇಳಿ ಸೂಚನೆಯನ್ನು ಸ್ನಿಪೆಟ್‌ನಿಂದ ತೆಗೆಸಿ ಪುಟವನ್ನಾಗಿ ಮಾಡಿಸಿದೆ. ಈಗ ಅದೂ ಮರದ ಮೇಲಿದೆ.

ಇನ್ನು, ‘ಈ ಪುಟದಲ್ಲಿ ಇವರು ಏನೇನು ಮಾಡಬಹುದು’ ಅಂತ ಒಂದೇ ಪರದೆಯಲ್ಲಿ ತೋರಿಸುವ ಸೌಲಭ್ಯ ಇಲ್ಲ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಟೈಪೋ3ಯಲ್ಲಿ ಅಡ್ಮಿನ್ ಇನ್ನೊಬ್ಬ ಯೂಸರ್ ಆಗಿ ಒಳಗೆ ಹೋಗಿ ನೋಡಬಹುದು. ಇಲ್ಲಿ ಅದಕ್ಕೆ ಬೇರೆ ಪ್ಯಾಕೇಜ್ ಹಾಕಿಸಬೇಕು. ನಾನು ‘ಪರೀಕ್ಷೆ’ ಅಂತ ಒಂದು ಖಾತೆ ಇಟ್ಟುಕೊಂಡಿದ್ದೇನೆ. ಹೊಸ ಗ್ರೂಪ್ ಮಾಡಿದಾಗ ಅದನ್ನು ಆ ಗ್ರೂಪಿಗೆ ಹಾಕಿ, ಪ್ರೈವೇಟ್ ವಿಂಡೋದಲ್ಲಿ ಲಾಗಿನ್ ಆಗಿ, ಪಕ್ಕದ ಸೈಟಿನ ಎಡಿಟ್ ವಿಳಾಸವನ್ನು ನೇರ ಟೈಪ್ ಮಾಡಿ ನೋಡುತ್ತೇನೆ. ‘ಅನುಮತಿ ಇಲ್ಲ’ ಅಂತ ಬಂದರೆ ಖುಷಿ.

ಕೆಲಸ ಬಿಟ್ಟು ಹೋದವರ ವಿಷಯದಲ್ಲಿ ವ್ಯಾಗ್‌ಟೇಲ್ ನನ್ನ ಜೀವ ಉಳಿಸಿದೆ. ಯೂಸರ್ ಪುಟದಲ್ಲಿ ‘ಆ್ಯಕ್ಟಿವ್’ ಟಿಕ್ ತೆಗೆದರೆ ಎಂಟು ಸೈಟಿನ ಬಾಗಿಲೂ ಒಟ್ಟಿಗೆ ಮುಚ್ಚುತ್ತದೆ. ಅವರು ಬರೆದದ್ದು ಅವರ ಹೆಸರಿನಲ್ಲೇ ಉಳಿಯುತ್ತದೆ. ಮಲ್ಟಿಸೈಟ್‌ನಲ್ಲಿ ಹೀಗೆ ಖಾತೆ ನಿಲ್ಲಿಸಿಡುವ ಟಿಕ್ ಇರಲಿಲ್ಲ. ಅಳಿಸಲು ಹೋದರೆ ‘ಇವರ ಬರಹ ಯಾರ ಹೆಸರಿಗೆ ಹೋಗಬೇಕು’ ಅಂತ ಪ್ರತಿ ಸೈಟಿಗೂ ಕೇಳುತ್ತಿತ್ತು.

ಮಲ್ಟಿಸೈಟ್ ಗೆಲ್ಲುವುದು ಒಂದು ಕಡೆ, ಅದು ಸಣ್ಣ ಗೆಲುವಲ್ಲ. ಅಲ್ಲಿ ಸೈಟಿನ ಅಡ್ಮಿನ್ ತನ್ನ ಸೈಟಿಗೆ ಜನರನ್ನು ತಾನೇ ಸೇರಿಸಿಕೊಳ್ಳಬಹುದು, ತಾನೇ ತೆಗೆಯಬಹುದು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಒಪ್ಪಿಗೆ ಕೊಟ್ಟರೆ ಹೊಸ ಯೂಸರನ್ನೂ ಮಾಡಬಹುದು. ವ್ಯಾಗ್‌ಟೇಲ್‌ನಲ್ಲಿ ಯೂಸರ್ ನಿರ್ವಹಣೆಯ ಅನುಮತಿಗೆ ಸೈಟಿನ ಗಡಿಯೇ ಇಲ್ಲ. ಗ್ರಂಥಾಲಯದ ಮುಖ್ಯಸ್ಥೆಗೆ ಅದನ್ನು ಕೊಟ್ಟರೆ ಅವರು ಶಾಲೆಯವರ ಗ್ರೂಪನ್ನೂ ಬದಲಿಸಬಹುದು. ಹಾಗಾಗಿ ಕೊಟ್ಟಿಲ್ಲ. ನಮ್ಮಲ್ಲಿ 46 ಯೂಸರ್, 16 ಗ್ರೂಪ್. ಪ್ರತಿಯೊಂದು ಸೇರಿಸುವ, ತೆಗೆಯುವ ಕೆಲಸವೂ ನನ್ನ ಮೇಜಿಗೇ ಬರುತ್ತದೆ. ಇದನ್ನು ಬರೆಯುತ್ತಿರುವಾಗಲೂ ಇನ್‌ಬಾಕ್ಸಿನಲ್ಲಿ ಎರಡು ಮೇಲ್ ಕೂತಿವೆ. ಒಂದು ಪ್ರಕಾಶನದ್ದು, ಹೊಸಬರಿಗೆ ಲಾಗಿನ್ ಬೇಕಂತೆ. ಇನ್ನೊಂದು ಗ್ರಂಥಾಲಯದ್ದು. ಆ ಹುಡುಗ ಶಾಲೆಯ ಸೈಟಿಗೆ ವರ್ಗವಾಗಿದ್ದಾನೆ.