ಆರ್ಮ್ ಕಂಪ್ಯೂಟರ್‌ನಲ್ಲಿ ಆಡಿಯೋ ಎಡಿಟಿಂಗ್: ಮೂರು ದಾರಿ ಹಿಡಿದು ನೋಡಿದೆ

ಆಡಿಯೋ ಎಡಿಟಿಂಗ್‌ಗೆ ತುಂಬ ಜನ ಬಳಸುವ ಸಾಫ್ಟ್‌ವೇರ್ ಒಂದಿದೆ. ನನ್ನ ಕೆಲಸವೂ ವರ್ಷಗಳಿಂದ ಅದರಲ್ಲೇ. ಆರ್ಮ್ ಪ್ರೊಸೆಸರ್‌ಗೆ (ಫೋನ್‌ಗಳಲ್ಲಿರುವ ಬಗೆಯ ಚಿಪ್) ಬಂದ ಮೇಲೆ ನೋಡಿದರೆ, ಅದನ್ನು ಮಾಡುವ ಕಂಪನಿ ಇನ್ನೂ ಎಕ್ಸ್86 (ಇಂಟೆಲ್, ಎಎಂಡಿ ಚಿಪ್‌ಗಳ) ಆವೃತ್ತಿಯನ್ನೇ ಕೊಡುತ್ತಿದೆ. ಕೇಳಿದಾಗಲೆಲ್ಲ ‘ಕೆಲಸ ನಡೀತಿದೆ’ ಅನ್ನುವುದೊಂದೇ ಉತ್ತರ. ದುಡ್ಡು ಕೊಟ್ಟವರನ್ನು ಹೀಗೆ ಕಾಯಿಸುವುದು ಸರಿಯಲ್ಲ.

ಮೊದಲು ವಿಂಡೋಸ್ 11. ಅದರ 24ಎಚ್2 ಆವೃತ್ತಿಯಲ್ಲಿ ಪ್ರಿಸಂ ಎಂಬ ಎಮ್ಯುಲೇಟರ್ ಇದೆ, ಅಂದರೆ ಎಕ್ಸ್86 ಆ್ಯಪ್‌ಗಳನ್ನು ಆರ್ಮ್‌ನಲ್ಲಿ ಓಡಿಸುವ ವ್ಯವಸ್ಥೆ. ಸಾಫ್ಟ್‌ವೇರ್ ಸಲೀಸಾಗಿ ತೆರೆಯಿತು, ಕತ್ತರಿಸುವುದು ಜೋಡಿಸುವುದು ಎಲ್ಲ ಆಯಿತು. ತೊಂದರೆ ಶುರುವಾಗಿದ್ದು ರೆಕಾರ್ಡಿಂಗ್‌ನಲ್ಲಿ. ಎಮ್ಯುಲೇಶನ್ ಇರುವುದು ಆ್ಯಪ್‌ಗಳಿಗೆ ಮಾತ್ರ. ಉಪಕರಣವನ್ನು ನಡೆಸುವ ಡ್ರೈವರ್ ಸಿಸ್ಟಂನ ತಿರುಳಾದ ಕರ್ನಲ್ ಒಳಗೆ ಓಡುತ್ತದೆ, ಹಾಗಾಗಿ ಅದನ್ನು ಆರ್ಮ್‌ಗೆಂದೇ ಮಾಡಿರಬೇಕು. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ನನ್ನ ಆಡಿಯೋ ಇಂಟರ್‌ಫೇಸ್‌ಗೆ ಅಂಥ ಡ್ರೈವರ್ ಇಲ್ಲ. ವಿಂಡೋಸ್‌ನದೇ ಯುಎಸ್‌ಬಿ ಡ್ರೈವರ್‌ನಿಂದ ಧ್ವನಿಯೇನೋ ಬಂತು, ಆದರೆ ಹೆಡ್‌ಫೋನ್‌ನಲ್ಲಿ ನನ್ನ ದನಿ ನನಗೇ ತಡವಾಗಿ ಕೇಳುತ್ತಿತ್ತು. ಹಾಗೆ ಹಾಡಲು ಆಗುವುದಿಲ್ಲ.

ಆ್ಯಪಲ್‌ನ ಆರ್ಮ್ ಚಿಪ್ ಇರುವ ಎಂ1 ಮ್ಯಾಕ್‌ನಲ್ಲಿ ಎಕ್ಸ್86 ಆ್ಯಪ್‌ಗಳನ್ನು ಆರ್ಮ್‌ಗೆ ಅನುವಾದಿಸುವ ರೊಸೆಟ್ಟಾ 2 ಇದೆ. ವೇಗದಲ್ಲಿ ಇದು ನನಗೆ ತುಂಬ ಹಿಡಿಸಿತು. ಎಕ್ಸ್86 ಪ್ರೊಸೆಸರ್ ಮೆಮೊರಿಗೆ ಬರೆದದ್ದು ಚಿಪ್‌ನೊಳಗಿನ ಉಳಿದ ಕೋರ್‌ಗಳಿಗೂ (ಲೆಕ್ಕ ಮಾಡುವ ಘಟಕಗಳಿಗೂ) ಅದೇ ಕ್ರಮದಲ್ಲಿ ಕಾಣುತ್ತದೆ. ಆರ್ಮ್‌ನಲ್ಲಿ ಆ ಕಟ್ಟುಪಾಡಿಲ್ಲ. ಎಮ್ಯುಲೇಟರ್ ಆ ಕ್ರಮವನ್ನು ತಾನೇ ಕಾಯಲು ಹೋದರೆ ನಿಧಾನವಾಗುತ್ತದೆ. ಎಂ1 ಚಿಪ್‌ನಲ್ಲಿ ಎಕ್ಸ್86 ಕ್ರಮವನ್ನೇ ಪಾಲಿಸುವ ಮೋಡ್ ಇದೆ, ಹಾಗಾಗಿ ಆ ಹೊರೆ ಇಲ್ಲ. ಎಷ್ಟು ಚೆಂದದ ಯೋಚನೆ ಅಲ್ವಾ? ಅನುವಾದ ಬಹುಪಾಲು ಮೊದಲೇ ಮುಗಿಯುವುದರಿಂದ ಮೊದಲ ಸಲ ತೆರೆಯಲು ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು. ಸಾಫ್ಟ್‌ವೇರ್ ರೊಸೆಟ್ಟಾದಲ್ಲಿದ್ದರೆ ಅದರೊಳಗೆ ಲೋಡ್ ಆಗುವ ಪ್ಲಗಿನ್‌ಗಳೂ (ಹೆಚ್ಚುವರಿ ಸಲಕರಣೆಗಳೂ) ಎಕ್ಸ್86ನವೇ ಆಗಿರಬೇಕು. ಆರ್ಮ್‌ಗೆ ಮಾತ್ರ ಬಂದಿದ್ದ ನನ್ನ ಒಂದು ಪ್ಲಗಿನ್ ಪಟ್ಟಿಯಲ್ಲೇ ಕಾಣಲಿಲ್ಲ. ಇನ್ನೊಂದು ವಿಷಯ: ರೊಸೆಟ್ಟಾ ಪೂರ್ತಿಯಾಗಿ ಇರುವುದು ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಎಂದು ಆ್ಯಪಲ್ ಹೇಳಿಬಿಟ್ಟಿದೆ.

ಮೂರನೆಯದು ರಾಸ್‌ಬೆರಿ ಪೈ 5 ಎಂಬ ಪುಟ್ಟ ಆರ್ಮ್ ಕಂಪ್ಯೂಟರ್, ಅದರಲ್ಲಿ ಆರ್ಡರ್ ಎಂಬ ಓಪನ್ ಸೋರ್ಸ್ ಆಡಿಯೋ ಸಾಫ್ಟ್‌ವೇರ್. ಪೈನ ಸಿಸ್ಟಂ ಡೆಬಿಯನ್ ಎಂಬ ಲಿನಕ್ಸ್ ಮೇಲೆ ಕಟ್ಟಿದ್ದು. ಡೆಬಿಯನ್‌ನಲ್ಲಿ 64-ಬಿಟ್ ಆರ್ಮ್‌ಗೆ 2015ರಿಂದಲೇ ಬೆಂಬಲವಿದೆ. ಆರ್ಡರ್‌ನ ಸೋರ್ಸ್ ಕೋಡ್ ಕೈಯಲ್ಲಿರುವುದರಿಂದ ಡೆಬಿಯನ್‌ನವರೇ ಅದನ್ನು ಆರ್ಮ್‌ಗೆ ಕಂಪೈಲ್ ಮಾಡಿ (ಓಡುವ ರೂಪಕ್ಕೆ ತಂದು) ಇಟ್ಟಿದ್ದಾರೆ, ಯಾರ ಅಪ್ಪಣೆಗೂ ಕಾಯಬೇಕಿಲ್ಲ. ವಿಂಡೋಸ್‌ನಲ್ಲಿ ಸತಾಯಿಸಿದ ಅದೇ ಇಂಟರ್‌ಫೇಸ್ ಇಲ್ಲಿ ಚುಚ್ಚಿದ ತಕ್ಷಣ ಸಿಕ್ಕಿತು. ಯುಎಸ್‌ಬಿ ಆಡಿಯೋ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇದೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಧ್ವನಿಯ ತುಣುಕು) ಇಟ್ಟೆ. ಒಂದು ಬಫರ್‌ಗೆ ಮೂರು ಮಿಲಿಸೆಕೆಂಡ್ ಕೂಡ ಇಲ್ಲ. ದನಿ ತಡವಾಗುವುದು ನನ್ನ ಕಿವಿಗೆ ಗೊತ್ತಾಗಲಿಲ್ಲ. ಆದರೆ ಹಳೆಯ ಪ್ರಾಜೆಕ್ಟ್ ಫೈಲ್‌ಗಳು ಇದರಲ್ಲಿ ತೆರೆಯುವುದಿಲ್ಲ. ನನಗೆ ಬೇಕಾದ ಗದ್ದಲ ತೆಗೆಯುವ ಪ್ಲಗಿನ್ ಕೂಡ ಇಲ್ಲ.

ಹೊಸ ರೆಕಾರ್ಡಿಂಗ್ ಎಲ್ಲ ಈಗ ಆರ್ಡರ್‌ನಲ್ಲೇ. ಮ್ಯಾಕ್ ಹಳೆಯ ಕೆಲಸಕ್ಕೆ ಮಾತ್ರ. ರೊಸೆಟ್ಟಾ ಇರುವಾಗಲೇ ಮುಗಿಸಿಬಿಡೋಣ ಎಂದು, ಹಳೆಯ ಪ್ರಾಜೆಕ್ಟ್‌ಗಳ ಟ್ರ್ಯಾಕ್‌ಗಳನ್ನು ಒಂದೊಂದಾಗಿ ವೇವ್ ಫೈಲ್ ಮಾಡಿ ತೆಗೆದಿಡುತ್ತಿದ್ದೇನೆ.