ಪುಕ್ಕಟೆ ಸೆಂಟರ್, ಖಾಸಗಿ ಶಾಲೆ, ಪಂಚಕರ್ಮ ಆಸ್ಪತ್ರೆ: ಮಸಾಜ್ ಕಲಿಯಲು ನಮ್ಮ ಕಡೆ ಯಾವುದು ಒಳ್ಳೇದು?

ಮಸಾಜ್ ಕಲಿಯಬೇಕು, ಎಲ್ಲಿ ಸೇರಲಿ, ಎಷ್ಟು ಖರ್ಚು ಬರ್ತದ ಅಂತ ಸೇಡಂ, ಆಳಂದ, ಜೇವರ್ಗಿ ಕಡೆಯ ಹೆಣ್ಣುಮಕ್ಕಳು ನನಗೆ ಫೋನ್ ಮಾಡುತ್ತಲೇ ಇರುತ್ತಾರೆ. ನಾನು ಮೂರು ಕಡೆ ಕಲಿತವಳು. ಮೊದಲು ಕಲಬುರಗಿಯಲ್ಲಿ ಸರ್ಕಾರದ ಕೌಶಲ್ಯ ಯೋಜನೆಯ ಪುಕ್ಕಟೆ ಸೆಂಟರ್, ಆಮೇಲೆ ಇದೇ ಊರಿನ ಒಂದು ಸಣ್ಣ ಖಾಸಗಿ ಮಸಾಜ್ ಶಾಲೆ, ಕೊನೆಗೆ ಬೀದರಿನ ಒಂದು ಆಯುರ್ವೇದದ ಪಂಚಕರ್ಮ ಆಸ್ಪತ್ರೆ. ಎಲ್ಲರೂ ಮೊದಲು ಕೇಳುವುದು ಫೀ. ನಾನು ತಿರುಗಿ ಕೇಳುವುದು ಬೇರೆ: ಅಲ್ಲಿ ದಿನಕ್ಕೆ ಎಷ್ಟು ಹೊತ್ತು ನಿನ್ನ ಕೈ ಇನ್ನೊಬ್ಬರ ಮೈಮೇಲೆ ಇರ್ತದ? ಆಗ ಕಲಿಸುವವರ ಕಣ್ಣು ನಿನ್ನ ಕೈಮೇಲೆ ಇರ್ತದೇನು? ಈ ವಿದ್ಯೆಯಲ್ಲಿ ನಾವು ರೊಕ್ಕ ಕೊಟ್ಟು ಕೊಳ್ಳುವುದು ಅದೊಂದನ್ನೇ. ಗೋಡೆಗೆ ತೂಗುಹಾಕುವ ಸರ್ಟಿಫಿಕೇಟನ್ನಲ್ಲ.

ಸರ್ಟಿಫಿಕೇಟಿನ ಮಾತು ಮೊದಲೇ ಮುಗಿಸುತ್ತೇನೆ. ನರ್ಸುಗಳಿಗೆ ಇರುವಂಥ ನೋಂದಣಿ ಮಂಡಳಿ ನಮ್ಮ ದೇಶದಲ್ಲಿ ಮಸಾಜ್ ಮಾಡುವವರಿಗೆ ಇಲ್ಲ. ಹಾಗಾಗಿ ಯಾರು ಬೇಕಾದರೂ ಎರಡು ಟೇಬಲ್ ಹಾಕಿ ಶಾಲೆ ಅಂತ ಬೋರ್ಡ್ ಬರೆಸಬಹುದು, "ಇಂಟರ್‌ನ್ಯಾಷನಲ್ ಡಿಪ್ಲೊಮಾ" ಅಂತ ಬಂಗಾರದ ಸೀಲಿನ ಹಾಳೆ ಕೊಡಬಹುದು. ಸರ್ಕಾರದ ಲೆಕ್ಕಕ್ಕೆ ಬರುವುದು ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿಗೆ, ಅಂದರೆ 2013ರಲ್ಲಿ ಬಂದ ಎನ್‌ಎಸ್‌ಕ್ಯುಎಫ್‌ಗೆ ಹೊಂದಿಸಿದ ಕೋರ್ಸ್ ಮಾತ್ರ. ಅದರಲ್ಲಿ ನಮಗೆ ಸಂಬಂಧಪಟ್ಟವು ಎಂದರೆ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಸ್ಪಾ ಥೆರಪಿಸ್ಟ್, ಮತ್ತೆ ಆರೋಗ್ಯ ವಲಯದ ಪಂಚಕರ್ಮ ಟೆಕ್ನಿಷಿಯನ್. ಶಾಲೆಯವರನ್ನು ಕೋರ್ಸಿನ ಕೋಡ್ ಕೇಳಿ. ಕೋಡ್ ಇಲ್ಲ ಅಂದರೆ ಅದು ಕೆಟ್ಟ ಶಾಲೆ ಅಂತೇನಲ್ಲ, ಆದರೆ ಆ ಹಾಳೆಗೆಂದು ಹೆಚ್ಚಿನ ಒಂದು ರೂಪಾಯಿಯನ್ನೂ ಕೊಡಬೇಡಿ.

ಪುಕ್ಕಟೆ ಸೆಂಟರಿನ ಅಡ್ಮಿಷನ್ ಸಲೀಸು. ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಫೋಟೊ. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಪ್ರಮಾಣಪತ್ರ ತರಬೇಕೇನು ಅಂತ ಎಷ್ಟೋ ಜನ ಕೇಳುತ್ತಾರೆ, ಬೇಕಿಲ್ಲ. ಅದು ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ಇಲ್ಲಿ ತ್ರಾಸು ಇರುವುದು ಕಾಯುವುದರಲ್ಲಿ. ಹೆಸರು ಹಚ್ಚಿದ ಮೇಲೆ ಬ್ಯಾಚಿಗೆ ಮಂಜೂರಾತಿ ಬರಬೇಕು, ಜನ ತುಂಬಬೇಕು. "ಮುಂದಿನ ವಾರ ಬರ್ರಿ" ಅನ್ನುವ ಮಾತು ತಿಂಗಳುಗಟ್ಟಲೆ ನಡೆಯಿತು. ಒಮ್ಮೆ ಶುರುವಾದ ಮೇಲೆ ಹಾಜರಿ ಬಲು ಕಟ್ಟುನಿಟ್ಟು.

ಫೀ ಸೊನ್ನೆ. ಬಸ್ಸಿನ ಖರ್ಚೂ ಸೊನ್ನೆ, 2023ರ ಜೂನಿನಿಂದ ಶಕ್ತಿ ಯೋಜನೆ ಬಂದು ನಮ್ಮಂಥವರಿಗೆ ದೊಡ್ಡ ಉಪಕಾರವಾಗಿದೆ. ಆದರೂ ಇದು ನಿಜಕ್ಕೂ ಪುಕ್ಕಟೆ ಅಲ್ಲ. ಕ್ಲಾಸು ಮುಂಜಾನೆಯಿಂದ ಸಂಜೆತನಕ. ಸೂಪರ್ ಮಾರ್ಕೆಟ್ ಹತ್ತಿರದ ಬಟ್ಟೆ ಅಂಗಡಿಯಲ್ಲಿ ತಿಂಗಳಿಗೆ 9,000 ಬರುತ್ತಿದ್ದ ಕೆಲಸ ನಾನು ಬಿಡಬೇಕಾಯಿತು. ಮೂರು ತಿಂಗಳಿಗೆ 27,000 ಹೋಯಿತು. ಮನೆಯಲ್ಲಿ ನಿಮ್ಮ ದುಡಿಮೆಯ ಮೇಲೆ ರೊಟ್ಟಿ ಬೇಯುತ್ತಿದ್ದರೆ ಈ ಲೆಕ್ಕ ಮೊದಲು ಹಾಕಿ.

ಮೂವತ್ತರ ಹತ್ತಿರ ಜನ, ಟೇಬಲ್ ಎರಡು. ಕೈ ಆಡಿಸಲು ವಾರಕ್ಕೆ ಒಂದು ತಾಸು ಸಿಕ್ಕರೆ ಅದೇ ದೊಡ್ಡದು. ಉಳಿದ ಹೊತ್ತು ನೋಟ್ಸ್, ಚಾರ್ಟ್, ವಿಡಿಯೊ. ಆದರೆ ಎರಡು ಸಂಗತಿ ಅಲ್ಲಿ ಕಲಿತಷ್ಟು ಚೆನ್ನಾಗಿ ಬೇರೆಲ್ಲೂ ಕಲಿಯಲಿಲ್ಲ. ಒಂದು ಸ್ವಚ್ಛತೆ: ಉಗುರು, ಟವೆಲ್, ಪ್ರತಿ ಗಿರಾಕಿಗೂ ಹೊಸ ಹಾಸಿಗೆಬಟ್ಟೆ, ಕೈ ಹಚ್ಚುವ ಮುಂಚೆ ಕೇಳಿ ಒಪ್ಪಿಗೆ ಪಡೆಯುವುದು. ಇನ್ನೊಂದು, ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಗಿರಾಕಿಯ ಜೊತೆ ಅಂಜದೆ ಮಾತಾಡುವುದು. ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದಿದ್ದರು, ಗಂಭೀರವಾಗಿ ತೆಗೆದುಕೊಂಡರು. ಹೈದರಾಬಾದಿನ ಹೋಟೆಲ್ ಸ್ಪಾದವರು ನನ್ನ ಗೆಳತಿಯನ್ನು ತೆಗೆದುಕೊಂಡದ್ದು ಆ ಸರ್ಟಿಫಿಕೇಟಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡಿದ ಮೇಲೆಯೇ.

ಇನ್ನು ಖಾಸಗಿ ಶಾಲೆ. ಇದರ ಬಗ್ಗೆ ತುಸು ಹೆಚ್ಚು ಹೇಳಬೇಕು, ರೊಕ್ಕ ಜಾರಿ ಹೋಗುವುದು ಇಲ್ಲೇ.

ಫೋನಿನಲ್ಲಿ ಹೇಳಿದ್ದು 45,000, ಮೂರು ತಿಂಗಳ ಕೋರ್ಸ್. ಕೌಂಟರಿಗೆ ಹೋದ ಮೇಲೆ ಒಂದೊಂದೇ ಹೊರಬಂತು: ರಿಜಿಸ್ಟ್ರೇಷನ್ 2,000, ಎಣ್ಣೆ, ಟವೆಲ್, ಯೂನಿಫಾರ್ಮಿನ ಕಿಟ್ 6,500, ಪರೀಕ್ಷಾ ಫೀ 3,000. ಇಷ್ಟಕ್ಕೇ 56,500. ಅದರ ಮೇಲೆ 18% ಜಿಎಸ್‌ಟಿ 10,170. ಒಟ್ಟು 66,670. ಮಾನ್ಯತೆಯ ವಿನಾಯಿತಿ ಇಲ್ಲದ ಖಾಸಗಿ ತರಬೇತಿಗೆ ಜಿಎಸ್‌ಟಿ ಬೀಳುವುದು ಖರೆ. ಆದರೆ ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇದ್ದು ಜಿಎಸ್‌ಟಿ ನೋಂದಣಿ ಮಾಡಿಸದ ಸಣ್ಣ ಶಾಲೆ ಅದನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ರಸೀದಿಯ ಮೇಲೆ ಜಿಎಸ್‌ಟಿ ನಂಬರ್ ಇದೆಯೋ ಇಲ್ಲವೋ ನೋಡಿಯೇ ಕಟ್ಟಿ. ನಾನು ಸೇರಿದ ಕಡೆ ನಂಬರ್ ಇತ್ತು.

"ಅಕ್ಕಾರ, ಇದು ಕೊನೀ ಸೀಟ್ ಅದ, ಇವತ್ತೇ ಅಡ್ವಾನ್ಸ್ ಕಟ್ಟಿಬಿಡ್ರಿ" ಅಂದರು ಕೌಂಟರಿನ ಮೇಡಂ. "ಕಟ್ತೀನ್ರೀ ಮೇಡಂ. ಮೊದಲು ಒಂದು ಕ್ಲಾಸ್ ಕೂತು ನೋಡ್ತೀನಿ. ನಡುವ ಬಿಟ್ರ ರೊಕ್ಕ ಎಷ್ಟು ವಾಪಸ್ ಅಂತ ಚೀಟಿ ಬರೆದು ಕೊಡ್ರಿ" ಅಂದೆ. ಅವರು ಮುಖ ಸಣ್ಣ ಮಾಡಿದರೂ ಬರೆದುಕೊಟ್ಟರು: ಮೊದಲ ವಾರದೊಳಗೆ ಬಿಟ್ಟರೆ ಕೋರ್ಸ್ ಫೀಯ ಮುಕ್ಕಾಲು ಪಾಲು, ಆಮೇಲೆ ಏನೂ ಇಲ್ಲ, ರಿಜಿಸ್ಟ್ರೇಷನ್ ಯಾವಾಗಲೂ ಇಲ್ಲ. ಈ ಚೀಟಿ ಕೈಗೆ ಬರದ ಹೊರತು ಯಾವ ಶಾಲೆಗೂ ಅಡ್ವಾನ್ಸ್ ಕೊಡಬೇಡಿ. ಬ್ಯಾಂಕಿನ ಕೌಶಲ್ಯ ಸಾಲ ಆಗ ಎನ್‌ಎಸ್‌ಕ್ಯುಎಫ್‌ಗೆ ಹೊಂದಿದ ಕೋರ್ಸಿಗೆ ಮಾತ್ರ ಸಿಗುತ್ತಿತ್ತು, ಇದಕ್ಕೆ ಸಿಗಲಿಲ್ಲ. ಸ್ತ್ರೀಶಕ್ತಿ ಸಂಘದಿಂದ 40,000 ಸಾಲ ಎತ್ತಿದೆ, ಉಳಿದದ್ದು ಮೂರು ಕಂತು ಮಾಡಿಸಿಕೊಂಡೆ.

ಕ್ಲಾಸ್ ಸಂಜೆ ಎರಡು ತಾಸು. ಹಾಗಾಗಿ ದುಡಿಮೆ ಬಿಡುವ ಪ್ರಸಂಗ ಬರಲಿಲ್ಲ. ಅರ್ಧ ತಾಸು ಪಾಠ, ಒಂದೂವರೆ ತಾಸು ಟೇಬಲ್. ಇಬ್ಬರಿಗೊಂದು ಟೇಬಲ್, ಅಂದರೆ ದಿನಕ್ಕೆ 45 ನಿಮಿಷ ನನ್ನ ಕೈ. ವಾರಕ್ಕೆ ಆರು ದಿನದಂತೆ ಹನ್ನೆರಡು ವಾರಕ್ಕೆ 54 ತಾಸು. 66,670ನ್ನು ಅದರಿಂದ ಭಾಗಿಸಿದರೆ ತಾಸಿಗೆ ಸುಮಾರು 1,235 ರೂಪಾಯಿ. ನೋಡಲಿಕ್ಕೆ ದುಬಾರಿಯೇ. ಉಳಿದ 45 ನಿಮಿಷ ನಾವೇ ಟೇಬಲ್ ಮೇಲೆ ಮಲಗುತ್ತಿದ್ದೆವು, ಅದೂ ಪಾಠವೇ. ಹೆಬ್ಬೆರಳಿನ ತುದಿ ಚುಚ್ಚಿದರೆ ಹೇಗಿರುತ್ತದೆ, ಅಂಗೈಯ ಬುಡ ಒತ್ತಿದರೆ ಹೇಗಿರುತ್ತದೆ ಎನ್ನುವುದು ಬೆನ್ನಿಗೆ ಗೊತ್ತಾಗದ ಹೊರತು ಕೈಗೆ ಬರುವುದಿಲ್ಲ.

ಆ ಶಾಲೆಯ ಟೀಚರ್ ಮಾತ್ರ ಅಪರೂಪದವರು. ನನ್ನನ್ನು ಟೇಬಲ್ ಪಕ್ಕ ನಿಲ್ಲಿಸಿ, ಕೈ ಇಳಿಬಿಡಿಸಿ, ಮುಷ್ಟಿಯ ಗೆಣ್ಣು ಟೇಬಲಿಗೆ ತಾಗುವಷ್ಟು ಎತ್ತರ ಸರಿಮಾಡಿದರು. "ಬೆರಳಿಂದ ಒತ್ತಬ್ಯಾಡವಾ, ಹಿಮ್ಮಡಿಯಿಂದ ತೂಕ ತಗೊಂಡು ಬಾ" ಅಂದರು. ಕಾಲು ಹಿಂದೆ ಮುಂದೆ ಇಟ್ಟು, ಮೈಭಾರವನ್ನು ನೇರ ತೋಳಿನಗುಂಟ ಇಳಿಸುವುದು ಬಂದ ದಿನ ನನ್ನ ಹೆಬ್ಬೆರಳ ನೋವು ನಿಂತಿತು. ಇದು ಬಾರದವರ ಹೆಬ್ಬೆರಳು, ಮಣಿಕಟ್ಟು ಕೆಲವೇ ವರ್ಷದಲ್ಲಿ ಕೆಡುತ್ತವೆ. ಸ್ವೀಡಿಷ್ ಪದ್ಧತಿಯ ಐದೂ ಕೈ ಅವರು ಬಿಡಿಸಿ ಕಲಿಸಿದರು: ಉದ್ದಕ್ಕೆ ನೀವುವ ಎಫ್ಲುರಾಜ್, ನಾದುವ ಪೆಟ್ರಿಸಾಜ್, ತಿಕ್ಕುವ ಫ್ರಿಕ್ಷನ್, ತಟ್ಟುವ ಟಪೋಟ್‌ಮೆಂಟ್, ನಡುಗಿಸುವ ವೈಬ್ರೇಷನ್. ಯಾರಿಗೆ ಕೈ ಹಚ್ಚಬಾರದು ಎನ್ನುವುದನ್ನೂ ಅಷ್ಟೇ ಒತ್ತಿ ಹೇಳಿದರು. ಒಂದೇ ಮೀನಖಂಡ ಬಾತು, ಕೆಂಪಾಗಿ, ಬಿಸಿ ಇದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಕಿತ್ತು ಪುಪ್ಪುಸಕ್ಕೆ ಹೋಗಿ ಜೀವಕ್ಕೇ ಅಪಾಯ. ಜ್ವರ ಇದ್ದವರಿಗೆ ಬೇಡ. ಉಬ್ಬಿದ ನರದ ಮೇಲೆ ಒತ್ತಬಾರದು.

ಇಂಥ ಟೀಚರ್ ಇದ್ದರೆ 1,235 ಕೊಡಬಹುದು. ಆದರೆ ಅವರು ಬಿಟ್ಟುಹೋದ ಮೇಲಿನ ಬ್ಯಾಚಿಗೆ ಹಿಂದಿನ ವಿದ್ಯಾರ್ಥಿನಿಯೇ ಕಲಿಸಿದಳು, ಫೀ ಅಷ್ಟೇ ಇತ್ತು. ಅದಕ್ಕೇ ಹೇಳುವುದು, ಶಾಲೆಯ ಹೆಸರು ಕೇಳಿ ಸೇರಬೇಡಿ, ನಿಮ್ಮ ಬ್ಯಾಚಿಗೆ ಕಲಿಸುವವರ ಹೆಸರು ಕೇಳಿ. ಇಡೀ ಕೋರ್ಸ್ ಬದಲು ಒಂದೇ ವಿಷಯ ಕಲಿಯುವ ಅವಕಾಶ ಇದೆಯೇ ಅಂತಲೂ ವಿಚಾರಿಸಿ. ನಮ್ಮಲ್ಲಿ ಸ್ವೀಡಿಷ್ ಒಂದಕ್ಕೇ 18,000 ಇತ್ತು, ಬೋರ್ಡ್ ಮೇಲೆ ಬರೆದಿರಲಿಲ್ಲ. ಸುವಾಸನೆ ಎಣ್ಣೆಯ ಅರೋಮಾ, ಬಿಸಿಗಲ್ಲಿನ ಹಾಟ್ ಸ್ಟೋನ್ ಕಲಿಕೆಗೆ ಹಾಕಿದ ಹಣ ಕಲಬುರಗಿಯಲ್ಲಿ ವಾಪಸ್ ಬರುವುದು ಕಷ್ಟ. 42 ಡಿಗ್ರಿ ಬಿಸಿಲಿನ ಊರಲ್ಲಿ ಬಿಸಿಗಲ್ಲು ಕೇಳಿಕೊಂಡು ಬರುವವರು ಕಡಿಮೆ.

ಬೀದರಿನ ಆಸ್ಪತ್ರೆಗೆ ಅಡ್ಮಿಷನ್ ಅಂತ ಏನೂ ಇರಲಿಲ್ಲ. ಪರಿಚಯದ ಒಬ್ಬ ಅಕ್ಕ ಕರೆದುಕೊಂಡು ಹೋದರು. ವೈದ್ಯರು ನನ್ನ ಉಗುರು ನೋಡಿದರು, ಅಂಗೈ ಒತ್ತಿ ನೋಡಿದರು, ನಾಳೆಯಿಂದ ಬಾ ಅಂದರು. ಫೀ ಇಲ್ಲ, ಅವರೇ ತಿಂಗಳಿಗೆ 6,000 ಕೊಟ್ಟರು. ಪಿಜಿಗೆ 3,500, ಊಟ ಆಸ್ಪತ್ರೆಯದೇ. ಕೈಯಲ್ಲಿ ಉಳಿಯುವುದು ಅಷ್ಟರಲ್ಲೇ, ಆದರೆ ಕೈಬಿಟ್ಟು ಹೋಗುವುದೇನಿಲ್ಲ.

ಮೊದಲ ದಿನಗಳಲ್ಲಿ ಯಾರ ಮೈಯನ್ನೂ ಮುಟ್ಟಿಸಲಿಲ್ಲ. ಟವೆಲ್ ಒಗೆ, ಎಣ್ಣೆ ಹಚ್ಚಲು ರೋಗಿಯನ್ನು ಮಲಗಿಸುವ ದ್ರೋಣಿಯ ಜಿಡ್ಡನ್ನು ಕಡಲೆಹಿಟ್ಟು ಹಾಕಿ ಬಿಸಿನೀರಲ್ಲಿ ತೊಳೆ, ಎಣ್ಣೆ ಕಾಸು. ಎಣ್ಣೆಯನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕಾಸಬೇಕು, ಮುಂಗೈ ಮೇಲೆ ಹನಿ ಬಿಟ್ಟು ನೋಡಬೇಕು. ಸಕ್ಕರೆ ಕಾಯಿಲೆಯವರಿಗೆ ಇನ್ನೂ ಎಚ್ಚರ: ಅವರಲ್ಲಿ ಎಷ್ಟೋ ಜನರ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ, ಔಷಧಿ ಎಲೆಗಳನ್ನು ಬಟ್ಟೆಯಲ್ಲಿ ಕಟ್ಟಿ ಬಿಸಿ ಮಾಡಿದ ಎಲೆಗಂಟು ಇಟ್ಟರೆ ಬೊಬ್ಬೆ ಎದ್ದ ಮೇಲೆಯೇ ತಿಳಿಯುತ್ತದೆ. ಆಮೇಲೆ ಮೈಗೆಲ್ಲ ಎಣ್ಣೆ ತಿಕ್ಕುವ ಅಭ್ಯಂಗಕ್ಕೆ ಹಿರಿಯ ಅಕ್ಕನ ಎದುರು ಬದಿಗೆ ನಿಲ್ಲಿಸಿದರು. ಅವರ ಕೈ ಎಷ್ಟು ದೂರ ಹೋದರೆ ನನ್ನದೂ ಅಷ್ಟೇ, ಅವರ ವೇಗವೇ ನನ್ನ ವೇಗ. ದಿನಕ್ಕೆ ನಾಲ್ಕೈದು ರೋಗಿಗಳು: ಲಕ್ವಾ ಹೊಡೆದವರು, ಸೊಂಟ ಹಿಡಿದವರು, ಮೊಣಕಾಲು ಸವೆದವರು. ದಿನಕ್ಕೆ ಮೂರು ತಾಸಿಗೆ ಕಡಿಮೆ ಇಲ್ಲದಂತೆ ಕೈ ಮೈಮೇಲೆ, ಕಣ್ಣು ಕೈಮೇಲೆ. ಪಂಚಕರ್ಮ ಎಂದರೆ ಎಣ್ಣೆ ಮಸಾಜ್ ಅಂತ ತಿಳಿದವರು ಬಹಳ. ಅಭ್ಯಂಗ ಮತ್ತು ಬೆವರಿಳಿಸುವ ಸ್ವೇದನ ಬರೀ ಪೂರ್ವಕರ್ಮ, ಅಂದರೆ ಮೊದಲಿನ ತಯಾರಿ. ವಾಂತಿ ಮಾಡಿಸುವ ವಮನ, ಭೇದಿ ಮಾಡಿಸುವ ವಿರೇಚನ, ಎನಿಮಾದಂಥ ಬಸ್ತಿ, ಮೂಗಿಗೆ ಔಷಧಿ ಬಿಡುವ ನಸ್ಯದಂಥ ಕರ್ಮಗಳಿಗೆ ವೈದ್ಯರೇ ಬೇಕು. ನಮ್ಮ ಗಡಿ ಎಲ್ಲಿಗೆ ಮುಗಿಯುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಮನೆಯವರ ಒಪ್ಪಿಗೆಯ ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಸ್ಪಾ ಅಂದರೆ ನಮ್ಮ ಕಡೆ ಹಿರಿಯರ ಹುಬ್ಬು ಏರುತ್ತದೆ. ಆಸ್ಪತ್ರೆಯಲ್ಲಿ ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು, ಅದರಲ್ಲಿ ರಿಯಾಯಿತಿ ಇಲ್ಲ. ನಮ್ಮಪ್ಪ ಬೀದರಿಗೆ ಬಂದು ಒಮ್ಮೆ ನೋಡಿ ಹೋದ ಮೇಲೆ ಮತ್ತೆ ಆ ಮಾತು ಎತ್ತಲಿಲ್ಲ. ಖಾಸಗಿ ಶಾಲೆಯಲ್ಲಿ ಇದನ್ನು ಕೇಳಿ ಗಟ್ಟಿಮಾಡಿಕೊಳ್ಳಬೇಕಾಯಿತು. ಈ ಕೆಲಸ ಗೌರವದ್ದು. ಕಲ್ಯಾಣದ ಹಡಪದ ಅಪ್ಪಣ್ಣನ ನಾಡಿದು, ಅವರ ಕುಲದವರು ತಲೆತಲಾಂತರದಿಂದ ತಲೆಗೆ ಎಣ್ಣೆ ತಿಕ್ಕಿ ಮಾಲೀಸು ಮಾಡುತ್ತ ಬಂದಿದ್ದಾರೆ. ನಮ್ಮವ್ವ ಊರಲ್ಲಿ ಬಾಣಂತಿಯರಿಗೆ ನೀರು ಹಾಕುವಾಕಿ, ಅವಳನ್ನು ಕಂಡರೆ ಎದ್ದು ಕೂಡಿಸದ ಮನೆ ಇಲ್ಲ.

ಆಸ್ಪತ್ರೆಯ ಕೊರತೆ ಏನೆಂದರೆ ಕೊನೆಗೆ ಕೈಗೆ ಬರುವುದು ಒಂದು ಅನುಭವ ಪತ್ರ ಮಾತ್ರ. ಹೊರರಾಜ್ಯದಲ್ಲಿ ಅದಕ್ಕೆ ಬೆಲೆ ಕಡಿಮೆ. ಸಂಬಳವೂ ಕೆಲವು ತಿಂಗಳು ತಡವಾಯಿತು. ಕಲಿಕೆಯ ಜೊತೆಗೆ ಪತ್ರವೂ ಬೇಕು, ವರ್ಷ ಹೊರಗಿರಲು ಅನುಕೂಲ ಇದೆ ಎನ್ನುವವರು ಕೇರಳದ ತ್ರಿಶೂರು ಜಿಲ್ಲೆಯ ಚೆರುತುರುತ್ತಿಯಲ್ಲಿರುವ ಕೇಂದ್ರ ಸರ್ಕಾರದ ಪಂಚಕರ್ಮ ಸಂಶೋಧನಾ ಸಂಸ್ಥೆಯ ಒಂದು ವರ್ಷದ ಟೆಕ್ನಿಷಿಯನ್ ಕೋರ್ಸ್ ವಿಚಾರಿಸಲಿ. ನಾನು ಅಲ್ಲಿ ಕಲಿತಿಲ್ಲ.

ಊರಲ್ಲೇ ಇದ್ದು ದುಡಿಯುವವರಿಗೆ ನಾನು ಹೇಳುವುದು ಮೊದಲು ಆಸ್ಪತ್ರೆ, ಆಮೇಲೆ ಬೇಕೆನಿಸಿದರೆ ಖಾಸಗಿ ಶಾಲೆಯ ಆ ಒಂದೇ ವಿಷಯ, ಸ್ವೀಡಿಷ್. ಕಲಬುರಗಿಯಲ್ಲಿ ಇವತ್ತು ಕೆಲಸ ಇರುವುದು ಬಾಣಂತಿ, ಕೂಸು, ಸೊಂಟನೋವಿನ ಹಿರಿಯರದು. ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕಿ ಬರಲು ನಾನು ಒಂದು ಮನೆಗೆ 400 ರೂಪಾಯಿ ತೆಗೆದುಕೊಳ್ಳುತ್ತೇನೆ, ಸಿಸೇರಿಯನ್ ಆದವರ ಹೊಟ್ಟೆಗೆ ಡಾಕ್ಟರ್ ಒಪ್ಪುವ ತನಕ ಕೈ ಹಚ್ಚುವುದಿಲ್ಲ. ಸಂಘದ ಸಾಲ ತೀರಿದ್ದು ಈ ದುಡಿಮೆಯಿಂದಲೇ.

ಹೈದರಾಬಾದ್, ಬೆಂಗಳೂರಿನ ಹೋಟೆಲಿಗೆ ಹೋಗುವ ಆಸೆ ಇದ್ದವರಿಗೆ ಪುಕ್ಕಟೆ ಸೆಂಟರೇ ಮೊದಲು. ನನ್ನ ಚಿಕ್ಕಮ್ಮನ ಮಗಳು ಈ ವರ್ಷ ಪಿಯುಸಿ ಮುಗಿಸಿದಳು, ಅವಳಿಗೆ ಹೈದರಾಬಾದೇ ಬೇಕಂತೆ. ಅವಳ ಹೆಸರು ಅಲ್ಲಿ ಹಚ್ಚಿ ಬಂದಿದ್ದೇವೆ. ಬ್ಯಾಚ್ ಶುರುವಾಗುವ ತನಕ ಮುಂಜಾನೆ ನನ್ನ ಜೊತೆ ಬರುತ್ತಾಳೆ. ಖಾಸಗಿ ಶಾಲೆಗೆ ರೊಕ್ಕ ಕಟ್ಟುವುದು ಬೇಡ, ಸ್ವೀಡಿಷ್ ನಾನೇ ಕಲಿಸುತ್ತೇನೆ ಅಂದಿದ್ದೇನೆ. ಟೇಬಲ್ ಒಂದನ್ನು ಮಾಡಿಸಬೇಕು, ಅವಳ ಗೆಣ್ಣಿನ ಎತ್ತರಕ್ಕೆ.